ಆರ್ಕೆಸ್ಟ್ರಾ ಆಡಿಷನ್: ಮೊದಲ ಸಲಕ್ಕೇ ಸರಿಯಾಗಿ ನುಡಿಸುವ ತಾಲೀಮು

ಮನೆಯಲ್ಲಿ ಐದನೇ ಸಲಕ್ಕೆ ಎಷ್ಟೇ ಚೆನ್ನಾಗಿ ಬಂದರೂ ಆಡಿಷನ್ನಿನಲ್ಲಿ ಅದು ಲೆಕ್ಕಕ್ಕಿಲ್ಲ. ಪಿಟೀಲಿನ ಆಡಿಷನ್ ಎಂದರೆ ಸಾಮಾನ್ಯವಾಗಿ ಮೊಜಾರ್ಟ್ ಕನ್ಚರ್ಟೊ (ಒಂಟಿ ವಾದ್ಯಕ್ಕೆ ಆರ್ಕೆಸ್ಟ್ರಾ ಜೊತೆಗೂಡುವ ಕೃತಿ) ಒಂದರ ಆರಂಭ, ಅದರ ಬೆನ್ನಿಗೇ ಆರ್ಕೆಸ್ಟ್ರಾ ಕೃತಿಗಳಿಂದ ಆರಿಸಿದ ನಾಲ್ಕೈದು ತುಣುಕುಗಳು. ಮೊದಲ ಸುತ್ತು ಬಹುತೇಕ ಹತ್ತು ನಿಮಿಷದೊಳಗೆ ಮುಗಿದುಹೋಗುತ್ತದೆ. ಬಾಸ್ಟನ್ ಸಿಂಫನಿ ಆರ್ಕೆಸ್ಟ್ರಾ 1952ರಲ್ಲೇ ನುಡಿಸುವವರು ಕಾಣದಂತೆ ಪರದೆ ಕಟ್ಟಿ ಆಡಿಷನ್ ನಡೆಸಿತ್ತು. ಈಗ ಅಮೆರಿಕದಲ್ಲಿ ಅದೇ ರೂಢಿ. ಅಭ್ಯರ್ಥಿಗೆ ಹೆಸರಿಲ್ಲ, ನಂಬರ್ ಮಾತ್ರ. ಹೆಜ್ಜೆ ಸದ್ದು ಕೇಳದಂತೆ ನೆಲಕ್ಕೆ ಕಾರ್ಪೆಟ್ ಹಾಸಿರುವುದೂ ಉಂಟು. ಆ ಕೆಲವೇ ನಿಮಿಷದಲ್ಲಿ ನುಡಿಸಿದ್ದಷ್ಟೇ ಲೆಕ್ಕ. ಹಾಗಾಗಿ ಅಭ್ಯಾಸದ ಕೊನೆಯ ಘಟ್ಟದಲ್ಲಿ ತಾಲೀಮು ಬೇಕಾಗಿರುವುದು ಮೊದಲ ಪ್ರಯತ್ನಕ್ಕೆ.

ಆದರೆ ಇದನ್ನು ತೀರಾ ಬೇಗ ಶುರುಮಾಡಬಾರದು. ಸ್ವರ ಗಟ್ಟಿಯಾಗುವ ಮುಂಚೆಯೇ ಒತ್ತಡ ಹೇರಿದರೆ ತಪ್ಪೇ ಗಟ್ಟಿಯಾಗುತ್ತದೆ. ಎಂಟು ವಾರ ಕೈಯಲ್ಲಿದ್ದರೆ ಮೊದಲ ಐದು ವಾರ ನಿಧಾನದ ಅಭ್ಯಾಸಕ್ಕೆ, ಕೊನೆಯ ಮೂರು ಒತ್ತಡದ ತಾಲೀಮಿಗೆ. ಆಡಿಷನ್ ವೇಗಕ್ಕಿಂತ ಶೇ. 10ರಷ್ಟು ನಿಧಾನದಲ್ಲಿ, ಮೂರು ದಿನ ಸತತವಾಗಿ, ಮೊದಲ ಸಲಕ್ಕೇ ತಪ್ಪಿಲ್ಲದೆ ಬಂದ ತುಣುಕು ಮಾತ್ರ ತಾಲೀಮಿಗೆ ಸಿದ್ಧ.

ಒತ್ತಡ ಎನ್ನುವುದು ಒಂದೇ ತೊಂದರೆಯಲ್ಲ. ಎದೆಬಡಿತ, ತಣ್ಣಗಾದ ಬೆರಳು, ಕಾಯುವ ಬೇಸರ, ಕೇಳುವ ಜನ ಎಲ್ಲ ಬೇರೆ ಬೇರೆ. ಒಂದೊಂದನ್ನೂ ಬೇರೆಯಾಗಿಯೇ ಅಭ್ಯಾಸ ಮಾಡಬೇಕು.

ಎದೆಬಡಿತಕ್ಕೆ ಎರಡು ಮಹಡಿ ಮೆಟ್ಟಿಲು ಹತ್ತಿಳಿಯಿರಿ, ಇಲ್ಲವೇ ಮೂವತ್ತು ಬಸ್ಕಿ ಹೊಡೆಯಿರಿ. ಹದಿನೈದು ಸೆಕೆಂಡಿನೊಳಗೆ ಪಿಟೀಲು ಎತ್ತಿಕೊಂಡು ನುಡಿಸಲು ಶುರುಮಾಡಿ. ಎರಡು ವಿಷಯ ತಕ್ಷಣ ಗೊತ್ತಾಗುತ್ತವೆ. ಒಂದು, ವೇಗ ಏರುತ್ತದೆ. ಮೈಯಲ್ಲಿ ಅಡ್ರಿನಲಿನ್ ಹರಿಯುವಾಗ ಸರಿಯಾದ ವೇಗವೇ ನಿಧಾನ ಅನ್ನಿಸುತ್ತದೆ. ರಿಚರ್ಡ್ ಸ್ಟ್ರೌಸ್ 1889ರಲ್ಲಿ ವೈಮಾರ್‌ನಲ್ಲಿ ತಾನೇ ನಿರ್ದೇಶಿಸಿ ಮೊದಲ ಬಾರಿಗೆ ಕೇಳಿಸಿದ ‘ಡಾನ್ ಜುವಾನ್’ ಎಂಬ ಆರ್ಕೆಸ್ಟ್ರಾ ಕೃತಿಯ ಮೊದಲ ಪುಟದಲ್ಲಿ ಬಹಳ ಮಂದಿ ಎಡವುವುದು ಇಲ್ಲೇ: ಮೇಲಕ್ಕೆ ಚಿಮ್ಮುವ ಸ್ವರಗಳು ಓಡಿಹೋಗುತ್ತವೆ, ಟ್ರಿಪ್ಲೆಟ್‌ಗಳು (ಒಂದು ಬಡಿತಕ್ಕೆ ಮೂರು ಸ್ವರ) ಸಮತೆ ಕಳೆದುಕೊಳ್ಳುತ್ತವೆ. ಮದ್ದು ಇದು: ಪ್ರತಿ ತುಣುಕಿನಲ್ಲೂ ಅತಿ ಸಣ್ಣ ಸ್ವರಗಳಿರುವ ಎರಡು ಬಾರ್ (ತಾಳದ ಆವರ್ತದಂಥ ಘಟಕ) ಆರಿಸಿಕೊಳ್ಳಿ. ಶುರುಮಾಡುವ ಮುನ್ನ ಅವನ್ನು ಮನಸ್ಸಿನೊಳಗೆ ಹಾಡಿಕೊಂಡು, ವೇಗವನ್ನು ಅಲ್ಲಿಂದಲೇ ಹಿಡಿಯಿರಿ. ಶೂಮನ್‌ನ ಎರಡನೇ ಸಿಂಫನಿಯ ಸ್ಕೆರ್ಟ್ಸೊಗೆ (ಚುರುಕು ನಡೆಯ ಭಾಗ) ಅಚ್ಚಾದ ಮೆಟ್ರೊನೋಮ್ ಗುರುತು 144, ಅಂದರೆ ನಿಮಿಷಕ್ಕೆ ಅಷ್ಟು ಬಡಿತ. ನೀವು ನುಡಿಸುವ ವೇಗ ಅದಕ್ಕಿಂತ ತುಸು ಕಡಿಮೆಯಿದ್ದರೂ ಸರಿ, ಆದರೆ ಅದನ್ನು ಹಾಳೆಯ ಮೇಲೆ ಬರೆದಿಡಿ.

ಎರಡನೆಯದು, ಕಮಾನು ನಡುಗುತ್ತದೆ. ಬೀಥೋವನ್‌ನ ಒಂಬತ್ತನೇ ಸಿಂಫನಿಯ ನಿಧಾನ ಭಾಗದಂಥ ಮೆತ್ತನೆಯ ಉದ್ದ ಸ್ವರಗಳಲ್ಲಿ ಇದು ಬಯಲಾಗುತ್ತದೆ. ಬಲಭುಜ ಮೇಲೇರಿರುತ್ತದೆ, ಹೆಬ್ಬೆರಳು ಬಿಗಿದಿರುತ್ತದೆ, ಸದ್ದು ಜಾಸ್ತಿಯಾದೀತೆಂಬ ಹೆದರಿಕೆಗೆ ತೋಳಿನ ಭಾರವನ್ನು ತಂತಿಯ ಮೇಲಿಂದ ಎತ್ತಿ ಹಿಡಿದಿರುತ್ತೀರಿ. ಕಮಾನನ್ನು ಗಾಳಿಯಿಂದ ಇಳಿಸದೆ ತಂತಿಯ ಮೇಲಿಟ್ಟೇ ಶುರುಮಾಡಿ, ಉಸಿರು ಹೊರಗೆ ಬಿಡುತ್ತಾ ಎಳೆಯಿರಿ, ಕಮಾನಿನ ವೇಗ ತುಸು ಹೆಚ್ಚಿಸಿ. ಮೆಂಡೆಲ್‌ಸನ್‌ನ ‘ಮಿಡ್‌ಸಮರ್ ನೈಟ್ಸ್ ಡ್ರೀಮ್’ ಸ್ಕೆರ್ಟ್ಸೊದಲ್ಲಿ ಇದೇ ಬಿಗಿತದಿಂದ ಕಮಾನು ಅತಿ ಎತ್ತರಕ್ಕೆ ಪುಟಿಯುತ್ತದೆ. ಮನೆಯಲ್ಲಿ ಅಭ್ಯಾಸ ಮಾಡುವುದಕ್ಕಿಂತ ತಂತಿಗೆ ಇನ್ನಷ್ಟು ಹತ್ತಿರವಿಟ್ಟು ನುಡಿಸುವುದೇ ಕ್ಷೇಮ.

ತಣ್ಣನೆಯ ಕೈಗೆ: ಫ್ರಿಜ್‌ನಿಂದ ತೆಗೆದ ನೀರಿನ ಬಾಟಲಿಯನ್ನು ಎರಡು ನಿಮಿಷ ಹಿಡಿದಿದ್ದು, ಬೇರೇನೂ ನುಡಿಸದೆ ಅತಿ ಕಷ್ಟದ ತುಣುಕಿಗೇ ಕೈಹಾಕಿ. ಒಳ್ಳೆಯ ದಿನ ಮಾತ್ರ ಕೈಗೂಡುವ ಬೆರಳುಗಾರಿಕೆ ಇಲ್ಲಿ ಸಿಕ್ಕಿಬೀಳುತ್ತದೆ. ಅದನ್ನು ಬದಲಿಸುವುದಿದ್ದರೆ ಎರಡು ವಾರ ಮುಂಚೆಯೇ ಬದಲಿಸಿ, ಆಮೇಲೆ ಮುಟ್ಟಬೇಡಿ.

ಇನ್ನು ಅಣಕು ಆಡಿಷನ್. ಎಲ್ಲ ತುಣುಕುಗಳ ಹೆಸರನ್ನೂ ಚೀಟಿಗಳಲ್ಲಿ ಬರೆದು ಡಬ್ಬಿಗೆ ಹಾಕಿ. ಬೇರೆಯವರು ಐದು ಎತ್ತಲಿ. ಕೈ ಬಿಸಿಮಾಡಿಕೊಂಡ ಮೇಲೆ ಪಿಟೀಲನ್ನು ಪೆಟ್ಟಿಗೆಯಲ್ಲಿಟ್ಟು ಅರ್ಧ ಗಂಟೆ ಹೊರಗೆ ಕಾಯಿರಿ, ಏಕೆಂದರೆ ನಿಜವಾದ ಆಡಿಷನ್‌ಗಳು ಹೇಳಿದ ಹೊತ್ತಿಗೆ ನಡೆಯುವುದು ಅಪರೂಪ. ಹಗ್ಗ ಕಟ್ಟಿ ಬೆಡ್‌ಶೀಟ್ ಇಳಿಬಿಟ್ಟರೆ ಪರದೆಯಾಯಿತು. ಅದರಾಚೆ ಮೂವರು ಸಾಕು, ಮೂವರೂ ಪಿಟೀಲಿನವರಾಗಬೇಕಿಲ್ಲ. ಬೆಂಗಳೂರಿನಲ್ಲಿದ್ದರೆ ಮೃದಂಗ ಕಲಿಯುತ್ತಿರುವ ಒಬ್ಬರನ್ನು ಕರೆಯಿರಿ. ಲಯ ಜಾರಿದ್ದನ್ನು ಅವರಷ್ಟು ಬೇಗ ಹಿಡಿಯುವವರು ಕಡಿಮೆ. ಒಬ್ಬರು ಲಯ, ಒಬ್ಬರು ಶ್ರುತಿ, ಒಬ್ಬರು ಸದ್ದಿನ ಏರಿಳಿತ ಹೀಗೆ ಒಂದೊಂದನ್ನೇ ಬರೆದುಕೊಳ್ಳಲಿ. ನುಡಿಸುತ್ತಿರುವಾಗ ಒಬ್ಬರು ಪುಸ್ತಕ ಕೆಡವಲಿ. ಒಂದು ತುಣುಕನ್ನು ನಡುವೆಯೇ ‘ಥ್ಯಾಂಕ್ ಯೂ’ ಎಂದು ನಿಲ್ಲಿಸಲಿ. ಇನ್ನೊಂದನ್ನು ‘ಮತ್ತೊಮ್ಮೆ, ಇನ್ನೂ ಮೆತ್ತಗೆ’ ಎಂದು ಕೇಳಲಿ. ಹೇಳಿದ್ದನ್ನು ಕೂಡಲೇ ಬದಲಿಸಿ ನುಡಿಸಬಲ್ಲಿರಾ ಎಂದು ತೀರ್ಪುಗಾರರು ನಿಜಕ್ಕೂ ನೋಡುತ್ತಾರೆ. ತಪ್ಪಾದರೆ ನಿಲ್ಲುವಂತಿಲ್ಲ, ಎರಡನೇ ಅವಕಾಶವಿಲ್ಲ.

ತುಣುಕುಗಳ ನಡುವಿನ ಮೌನವೂ ತಾಲೀಮಿನ ಭಾಗವೇ. ಅವಸರದಲ್ಲಿ ಮುಂದಿನದಕ್ಕೆ ಹಾರಿದರೆ ಹಿಂದಿನದರ ವೇಗವೇ ಅಂಟಿಕೊಂಡು ಬರುತ್ತದೆ. ಹಾಳೆ ತಿರುವಿ, ಉಸಿರು ಬಿಟ್ಟು, ಆ ಎರಡು ಬಾರ್ ಹಾಡಿಕೊಂಡು ಶುರುಮಾಡಲು ಹದಿನೈದು ಸೆಕೆಂಡು ಬೇಕು. ಗಡಿಯಾರ ಇಟ್ಟು ಅಳೆದು ನೋಡಿ. ಹೆಚ್ಚಿನವರು ಐದಕ್ಕೇ ಶುರುಮಾಡಿಬಿಟ್ಟಿರುತ್ತಾರೆ.

ಎಲ್ಲವನ್ನೂ ಫೋನಿನಲ್ಲಿ ರೆಕಾರ್ಡ್ ಮಾಡಿ, ಆದರೆ ಅಂದೇ ಕೇಳಬೇಡಿ. ಮರುದಿನ ಮೊದಲು ಲಯಕ್ಕಾಗಿ ಮೆಟ್ರೊನೋಮ್ ಹಾಕಿಕೊಂಡು ಕೇಳಿ, ಆಮೇಲೆ ಶ್ರುತಿಗೆ, ಕೊನೆಗೆ ನಾದಕ್ಕೆ. ಅಣಕು ಆಡಿಷನ್ ವಾರಕ್ಕೆ ಎರಡು ಮೂರು ಸಾಕು. ದಿನವೂ ಮಾಡಿದರೆ ಕೈ ಸೋಲುತ್ತದೆ, ಕಂಡ ತಪ್ಪನ್ನು ತಿದ್ದಲು ಹೊತ್ತೂ ಉಳಿಯುವುದಿಲ್ಲ. ಕೊನೆಯ ಮೂರು ದಿನ ಬೇಡವೇ ಬೇಡ.

ನಡುಕಕ್ಕೆ ಕೆಲವರು ಎದೆಬಡಿತ ತಗ್ಗಿಸುವ ಪ್ರೊಪ್ರನಲಾಲ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಅಸ್ತಮಾ ಇದ್ದವರಿಗೆ ಅದು ಅಪಾಯ. ವೈದ್ಯರನ್ನು ಕೇಳದೆ ಮುಟ್ಟಬಾರದು, ಆಡಿಷನ್ ದಿನವೇ ಮೊದಲ ಬಾರಿಗಂತೂ ಕೂಡದು.

ವಿದೇಶಕ್ಕೆ ಹೋಗುವವರು ಶ್ರುತಿಯನ್ನು ಮೊದಲೇ ವಿಚಾರಿಸಿ: ‘ಎ’ ತಂತಿ ಅಮೆರಿಕದಲ್ಲಿ ಸಾಮಾನ್ಯವಾಗಿ 440 ಹರ್ಟ್ಸ್, ಜರ್ಮನಿಯಲ್ಲಿ 442–443. ಕೊನೆಯ ಮೂರು ವಾರದ ತಾಲೀಮೆಲ್ಲ ಆ ಶ್ರುತಿಯಲ್ಲೇ ನಡೆಯಲಿ. ಹೊಸ ತಂತಿಯನ್ನು ಎರಡು ವಾರ ಮುಂಚೆ ಹಾಕಿ. ಅಲ್ಲಿನ ಚಳಿಗಾಲದಲ್ಲಿ ಹೀಟರ್ ಹಾಕಿದ ಕೋಣೆಯ ಒಣಗಾಳಿಗೆ ಮರ ಕುಗ್ಗಿ ಬಿರಡೆ ಜಾರುತ್ತದೆ. ಪೆಟ್ಟಿಗೆಯಲ್ಲಿ ತೇವ ಕಾಯುವ ಹ್ಯುಮಿಡಿಫೈಯರ್, ಬಿರಡೆಗೆ ಹಚ್ಚುವ ಪೇಸ್ಟ್, ಒಂದು ಸೆಟ್ ತಂತಿ ಜೊತೆಗಿರಲಿ.