ಖಾಲಿ ಕ್ಯಾನು ಹಿಡಿದು ಸಿಕ್ಕಿಬಿದ್ದ ಕಥೆ

ಬೆಂಗಳೂರಿನಲ್ಲಿ ಆರು ವರ್ಷ ಧಾರಾವಾಹಿಗಳಿಗೆ ಸೌಂಡ್ ಮಾಡಿದವನು ನಾನು. ಹೆಂಡತಿಗೆ ನೈರೋಬಿಯಲ್ಲಿ ಕೆಲಸ ಸಿಕ್ಕಿತು, ನಾನೂ ಗಂಟುಮೂಟೆ ಕಟ್ಟಿದೆ. ಅಲ್ಲಿ ಸಿಕ್ಕ ಮೊದಲ ಸಿನಿಮಾ ಕಿಬೇರಾ ಅನ್ನುವ ಕೊಳೆಗೇರಿಯದ್ದು. ಇಪ್ಪತ್ತು ನಿಮಿಷದ ಚಿತ್ರ, ವಿಷಯ ನೀರು. ನಿರ್ದೇಶಕಿ ಅಲ್ಲೇ ಹುಟ್ಟಿ ಬೆಳೆದ ಹುಡುಗಿ. ಸಂಬಳ ಇಲ್ಲ, ಮಧ್ಯಾಹ್ನ ಚಪಾತಿ ಮತ್ತು ಬೀನ್ಸ್. ಹೌದು, ಅಲ್ಲೂ ಅದರ ಹೆಸರು ಚಪಾತಿಯೇ. ಮೈದಾದ್ದು, ದಪ್ಪ, ಪದರ ಪದರವಾಗಿ ನಮ್ಮ ಪರೋಟದ ಹಾಗಿರುತ್ತದೆ.

ಕಿಬೇರಾ ಅಂದರೆ ತಗಡಿನ ಸೂರುಗಳ ಸಮುದ್ರ. ತಗಡಿಗೆ ಅವರು 'ಮಬಾಟಿ' ಅನ್ನುತ್ತಾರೆ. ನಾಲ್ಕು ಹನಿ ಮಳೆ ಬಿದ್ದರೂ ಸಾಕು, ಒಂದು ಡೈಲಾಗೂ ಕೇಳಿಸಲ್ಲ. ಗಾಳಿ ಬೀಸಿದರೆ ತಗಡು ಕಿರ್ ಅನ್ನುತ್ತದೆ. ಸಾಲದ್ದಕ್ಕೆ ಮಧ್ಯದಲ್ಲೇ ರೈಲು ಹಳಿ. ಒಳ್ಳೆಯ ಟೇಕ್ ಬಂತು ಅನ್ನುವಷ್ಟರಲ್ಲಿ ರೈಲು ಕೂಗುತ್ತಿತ್ತು. 1896ರಿಂದ 1901ರವರೆಗೆ ಮೊಂಬಾಸಾದಿಂದ ಕಿಸುಮುವಿನ ತನಕ ಈ ಹಳಿ ಹಾಕಲು ಬ್ರಿಟಿಷರು 30 ಸಾವಿರಕ್ಕೂ ಜಾಸ್ತಿ ಭಾರತೀಯ ಕೂಲಿಗಳನ್ನು ಹಡಗಿನಲ್ಲಿ ತಂದಿದ್ದರು. ನಮ್ಮೋರೇ ಹಾಕಿದ ಹಳಿ, ಯಾರನ್ನು ಬೈಯೋದು?

ಮನೆಯೊಳಗಿನ ದೃಶ್ಯಗಳನ್ನೆಲ್ಲ ಬೆಳಿಗ್ಗೆ ಆರಕ್ಕೇ ಮುಗಿಸುತ್ತಿದ್ದೆವು. ಗೋಡೆಗೆ ಕಂಬಳಿ ಕಟ್ಟಿದೆ. ಬೂಮ್, ಅಂದರೆ ತುದಿಗೆ ಮೈಕ್ ಕಟ್ಟಿದ ಉದ್ದ ಕೋಲು ಹಿಡಿದರೆ ಜನ ಕ್ಯಾಮೆರಾ ಬಿಟ್ಟು ನನ್ನನ್ನೇ ನೋಡುತ್ತಿದ್ದರು, 'ಮುಹಿಂದಿ' ಅಂದರೆ ಇಂಡಿಯಾದವ ಕೋಲು ಹಿಡಿದು ಏನು ಮಾಡ್ತಿದ್ದಾನೆ ಅಂತ. ಹಾಗಾಗಿ ಚಿಕ್ಕ ಮೈಕನ್ನು ಹೆಂಗಸರು ಸೊಂಟಕ್ಕೆ ಸುತ್ತುವ ಲೆಸೊ ಬಟ್ಟೆಯ ಗಂಟಿನಲ್ಲಿ ಅಡಗಿಸಿಟ್ಟೆ. ಮಾತು ಸರಿಯಾಗಿ ಸಿಗದಿದ್ದರೆ ದೃಶ್ಯ ಮುಗಿದ ತಕ್ಷಣ, ಅದೇ ಜಾಗದಲ್ಲಿ, ಅದೇ ಉಸಿರಿನಲ್ಲಿ ಇನ್ನೊಮ್ಮೆ ಹೇಳಿಸಿ ಬರೀ ಧ್ವನಿ ರೆಕಾರ್ಡ್ ಮಾಡುತ್ತಿದ್ದೆ. ಡಬ್ಬಿಂಗ್ ಕೋಣೆಯಲ್ಲಿ ಆ ಉಸಿರು ಬರಲ್ಲ.

ಆದರೆ ನಾನು ನಿಜವಾಗಿ ಪಾಠ ಕಲಿತದ್ದು ಶೂಟಿಂಗಿಗೆ ಮೊದಲೇ, ಒಂದು ಚರ್ಚಿನ ಹಾಲಿನಲ್ಲಿ.

ದುಡ್ಡು ಕೊಡುವವರಿಗೋಸ್ಕರ ಸ್ಕ್ರಿಪ್ಟ್ ಇಂಗ್ಲಿಷಿನಲ್ಲಿತ್ತು. ನಿರ್ದೇಶಕಿ ಅದನ್ನು ಸ್ವಾಹಿಲಿಗೆ ತಿರುಗಿಸಿ, ನಟಿಸಬೇಕಿದ್ದ ಹೆಂಗಸರ ಮುಂದೆ ಓದಿದಳು. ಅವರ್ಯಾರೂ ನಟಿಯರಲ್ಲ, ದಿನಾ ನೀರು ಹೊರುವವರು. ಅದರಲ್ಲಿ ಆರು ವರ್ಷದ ಮಗು, "ಅಮ್ಮ, ನಮಗೆ ನೀರಿನ ಹಕ್ಕಿಲ್ಲವೇ?" ಅಂತ ಕೇಳುತ್ತದೆ. ಹಾಲ್ ಪೂರ್ತಿ ಬಿದ್ದು ಬಿದ್ದು ನಕ್ಕಿತು. "ಈ ಮಗು ಎಲೆಕ್ಷನ್ನಿಗೆ ನಿಂತಿದೆಯಾ?" ಅಂದರು ಒಬ್ಬ ಅಜ್ಜಿ.

ಆಮೇಲೆ ಅವರೇ ಮಾತು ತಿದ್ದಲು ಕೂತರು. ಮಕ್ಕಳ ಮಾತೆಲ್ಲ ಶೆಂಗ್‌ಗೆ ಹೋಯಿತು. ಸ್ವಾಹಿಲಿ, ಇಂಗ್ಲಿಷು ಕಲಸಿದ ನೈರೋಬಿಯ ಬೀದಿ ಭಾಷೆ ಅದು. ತಾಯಂದಿರ ಹೆಸರೇ ಹೊರಟುಹೋಯಿತು. ಅಲ್ಲಿ ಹೆಂಗಸನ್ನು ಮಗುವಿನ ಹೆಸರು ಹಿಡಿದು 'ಇಂಥವರ ಮಾಮಾ' ಅಂತ ಕರೆಯುತ್ತಾರೆ, ಅಲ್ಲಿ ಮಾಮಾ ಅಂದರೆ ಅಮ್ಮ. ಮಾತು ತಿದ್ದುತ್ತಾ ತಿದ್ದುತ್ತಾ ಕಥೆಗೇ ಕೈ ಹಾಕಿದರು. ನಮ್ಮ ಕಥೆಯಲ್ಲಿ ನೀರು ಮಾರುವವನೇ ವಿಲನ್. "ಅವನೂ ಇನ್ನೊಬ್ಬನಿಂದ ಕೊಂಡು ತರೋನು. ನಲ್ಲಿಯ ಬೀಗದ ಕೈ ಯಾರ ಹತ್ತಿರ ಇದೆ ಅಂತ ಕೇಳಿ" ಅಂದರು. ಸರಿ, ವಿಲನ್ ಬದಲಾದ. ಕೊನೆಗೆ ತೆರೆಯ ಮೇಲೆ ಅವನ ಮುಖವೇ ಕಾಣಲಿಲ್ಲ, ಬೀಗದ ಕೈ ಗೊಂಚಲಿನ ಸದ್ದು ಮಾತ್ರ. ಸೌಂಡಿನವನಿಗೆ ಇದಕ್ಕಿಂತ ಹಬ್ಬ ಬೇಕಾ?

ಇದೇನೂ ಹೊಸದಲ್ಲ ಅಂತ ಆಮೇಲೆ ಗೊತ್ತಾಯಿತು. ನೈರೋಬಿ ಹತ್ತಿರದ ಕಮಿರಿಥು ಹಳ್ಳಿಯಲ್ಲಿ 1977ರಲ್ಲಿ ಕೀನ್ಯಾದ ಲೇಖಕ ಗೂಗಿ ವಾ ಥಿಯಾಂಗೊ ಅಲ್ಲಿನ ಗಿಕುಯು ಭಾಷೆಯಲ್ಲಿ ನಾಟಕ ಮಾಡಿಸಿದಾಗ ರೈತರು, ಕೂಲಿಗಳು ಹೀಗೇ ಸಾಲು ಸಾಲು ತಿದ್ದಿದ್ದರು. ಸರ್ಕಾರ ಕೆಲವೇ ವಾರಗಳಲ್ಲಿ ನಾಟಕ ನಿಲ್ಲಿಸಿತು, ವರ್ಷದ ಕೊನೆಯ ದಿನ ಗೂಗಿಯನ್ನು ಬಂಧಿಸಿತು. ಇಂಗ್ಲಿಷ್ ಕಾದಂಬರಿಗಳನ್ನು ಬರೆಯುವಾಗ ಸುಮ್ನಿದ್ದವರು, ಹಳ್ಳಿಯ ಭಾಷೆಗೆ ಹೆದರಿದರು. ಸೆನೆಗಲ್‌ನ ಉಸ್ಮಾನ್ ಸೆಂಬೆನ್ ಕೂಡ ಅಷ್ಟೇ. ಫ್ರೆಂಚಿನಲ್ಲಿ ಕಾದಂಬರಿ ಬರೆದರೆ ತನ್ನ ಜನಕ್ಕೇ ಓದಲು ಬರಲ್ಲ ಅಂತ ಸಿನಿಮಾಕ್ಕೆ ಬಂದು, 1968ರಲ್ಲಿ ವೊಲೊಫ್ ಮಾತಿನ ಪೂರ್ಣಾವಧಿ ಚಿತ್ರ ಮಾಡಿದರು.

ಮೊದಲ ಪ್ರದರ್ಶನ ಅದೇ ಹಾಲಿನಲ್ಲಿ. ತೆರೆಗೆ ಬೆಡ್‌ಶೀಟು, ಜನರೇಟರ್ ಹೊರಗೆ ಮೂವತ್ತು ಹೆಜ್ಜೆ ದೂರದಲ್ಲಿ. ನೀರು ಮಾರುವ ಹುಡುಗರೂ ಬಂದಿದ್ದರು, ಸ್ವಲ್ಪ ಮುಖ ಊದಿಸಿಕೊಂಡೇ. ಐದನೇ ನಿಮಿಷಕ್ಕೆ ನಗು ಶುರು. ನಾಯಕಿ ಕ್ಯಾನು ಹೊತ್ತು ಏರು ಹತ್ತುವ, ನಾವು ಕಣ್ಣೀರು ಬರುತ್ತದೆ ಅಂದುಕೊಂಡಿದ್ದ ದೃಶ್ಯ. "ಖಾಲಿ! ಖಾಲಿ!" ಅಂತ ಕೂಗಿದರು. ನಿಜ. ಹನ್ನೊಂದು ಟೇಕ್ ಆಗುತ್ತದಲ್ಲ ಪಾಪ ಅಂತ 20 ಲೀಟರ್ ಕ್ಯಾನಿಗೆ ಕಾಲು ಭಾಗ ಕೂಡ ನೀರು ಹಾಕಿರಲಿಲ್ಲ. ಕತ್ತು ನೋಡಿದ ಕೂಡಲೇ ಅವರಿಗೆ ಗೊತ್ತಾಗಿಬಿಟ್ಟಿತು.

ದೀಪ ಹಾಕಿದ ಮೇಲೆ ಒಂದೂವರೆ ಗಂಟೆ ಜಗಳ. ಸಿನಿಮಾ ಬಗ್ಗೆ ಹತ್ತು ನಿಮಿಷ, ಉಳಿದದ್ದೆಲ್ಲ ನಲ್ಲಿಯ ಬಗ್ಗೆ. ನೀರು ಮಾರುವ ಹುಡುಗನೊಬ್ಬ ತಾನು ಎಷ್ಟಕ್ಕೆ ಕೊಳ್ಳುತ್ತೇನೆ ಅಂತ ಎಲ್ಲರೆದುರು ಮೊದಲ ಸಲ ಹೇಳಿದ. ಮುಂದಿನ ವಾರ ಒಂದು ನಲ್ಲಿಯ ಪಕ್ಕ ತೆರೆಯುವ ಹೊತ್ತು, ಕ್ಯಾನಿನ ಬೆಲೆ ಎರಡನ್ನೂ ಪೇಂಟಿನಲ್ಲಿ ಬರೆದರು. ಒಂದೇ ನಲ್ಲಿ, ಅಷ್ಟೇ.

ಪ್ರದರ್ಶನದ ದಿನ ಹೊರಡುವಾಗ ಆ ಅಜ್ಜಿ ನನ್ನನ್ನು ತಡೆದು ನಿಲ್ಲಿಸಿದರು. ನಾನು ಎಡಿಟಿಂಗಿನಲ್ಲಿ ನೀರು ತುಂಬುವ ಸದ್ದನ್ನು ನಾಲ್ಕು ಸೆಕೆಂಡಿಗೆ ಕತ್ತರಿಸಿದ್ದೆ. ಕ್ಯಾನು ತುಂಬುತ್ತಾ ಬಂದ ಹಾಗೆ ಸದ್ದು ತೆಳ್ಳಗಾಗಿ ಮೇಲೇರುತ್ತದೆ, ಅಲ್ವಾ? ಕತ್ತಲಲ್ಲಿ ಅವರು ಅದನ್ನು ಕೇಳಿಯೇ ಪೈಪು ತೆಗೆಯುತ್ತಾರೆ. "ನಿನ್ನ ಕ್ಯಾನು ಅರ್ಧವೂ ತುಂಬಿಲ್ಲ, ಆಗಲೇ ಹೊತ್ತುಕೊಂಡು ಹೋದಳು" ಅಂದರು.

ಮಾರನೇ ದಿನ ಬೆಳಿಗ್ಗೆ ಐದೂವರೆಗೆ ರೆಕಾರ್ಡರ್ ಹಿಡಿದು ಸರದಿಯಲ್ಲಿ ನಿಂತೆ. ನನ್ನ ಮುಂದೆ ಹದಿನೇಳು ಕ್ಯಾನುಗಳಿದ್ದವು.