ಹಳೇ ಬಂಕ್ ಫೋಟೋ ಯಾವ ಕಾಲದ್ದು ಅಂತ ನಾನು ಹುಡುಕುವ ರೀತಿ

ಅಮೆರಿಕದ ಹಳೇ ಪೆಟ್ರೋಲ್ ಬಂಕ್‌ಗಳ ಫೋಟೋಗಳಲ್ಲಿ ತಾರೀಖು ಇಲ್ಲದ್ದೇ ಜಾಸ್ತಿ. ಅವು ಯಾವ ಕಾಲದವು ಅಂತ ಪತ್ತೆ ಮಾಡುವ ಹುಚ್ಚು ನನಗೆ.

ಮೊದಲು ನೋಡುವುದು ಬೋರ್ಡ್. ಅದಕ್ಕೆ ಕಂಪನಿಗಳ ವಂಶಾವಳಿ ತಿಳಿದಿರಬೇಕು. ನಾನು ಒಂದು ದೊಡ್ಡ ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿಕೊಂಡಿದ್ದೇನೆ. ಮೇಲ್ಗಡೆ ರಾಕ್‌ಫೆಲ್ಲರ್‌ನ ಸ್ಟ್ಯಾಂಡರ್ಡ್ ಆಯಿಲ್. 1911ರಲ್ಲಿ ಸುಪ್ರೀಂ ಕೋರ್ಟ್ ಅದನ್ನು 34 ಕಂಪನಿಗಳಾಗಿ ಒಡೆಯಿತು. ನ್ಯೂಜೆರ್ಸಿಯ ಪಾಲು ಎಸ್ಸೋ ಆಯಿತು, ನ್ಯೂಯಾರ್ಕಿನದು ಮೊಬಿಲ್, ಕ್ಯಾಲಿಫೋರ್ನಿಯಾದ್ದು ಶೆವ್ರಾನ್, ಇಂಡಿಯಾನಾದ್ದು ಅಮೋಕೋ. ಪಾಲಾದ ಮನೆಯವರು ಆಮೇಲೆ ಒಬ್ಬೊಬ್ಬರಾಗಿ ಒಂದಾದರು. 1999ರಲ್ಲಿ ಎಕ್ಸಾನ್ (ಎಸ್ಸೋದ ಮುಂದಿನ ಹೆಸರು) ಮತ್ತು ಮೊಬಿಲ್ ಸೇರಿಕೊಂಡದ್ದು ಅದರಲ್ಲಿ ದೊಡ್ಡದು.

ಎಸ್ಸೋ ಬೋರ್ಡ್ ಕಂಡರೆ ನನಗೆ ಖುಷಿ. ಫೋಟೋದ ಕಾಲವಷ್ಟೇ ಅಲ್ಲ, ಜಾಗವನ್ನೂ ಅದು ಹೇಳುತ್ತದೆ. ಸ್ಟ್ಯಾಂಡರ್ಡ್ ಆಯಿಲ್ ಅನ್ನುವ ಎರಡು ಪದಗಳ ಮೊದಲಕ್ಷರ ಎಸ್, ಓ ಸೇರಿ ಬಂದ ಹೆಸರದು. ಹಾಗಾಗಿ ಉಳಿದ ಸ್ಟ್ಯಾಂಡರ್ಡ್ ಕಂಪನಿಗಳು ತಕರಾರು ತೆಗೆದವು. ಹಲವು ರಾಜ್ಯಗಳಲ್ಲಿ ಎಸ್ಸೋ ಅಂತ ಹಾಕುವ ಹಾಗೇ ಇರಲಿಲ್ಲ. ಅಲ್ಲೆಲ್ಲ ಎನ್ಕೋ, ಹಂಬಲ್ ಅನ್ನುವ ಬೋರ್ಡ್‌ಗಳು. ಈ ರಗಳೆ ಸಾಕಾಗಿ 1972ರಲ್ಲಿ ದೇಶಕ್ಕೆಲ್ಲ ಒಂದೇ ಹೆಸರು ತಂದರು, ಎಕ್ಸಾನ್.

ಬೋರ್ಡಿನ ಆಕಾರವನ್ನೂ ಗಮನಿಸಬೇಕು. ಕಪ್ಪು ಬಿಳುಪು ಫೋಟೋದಲ್ಲಿ ಗಲ್ಫ್‌ನ ಕಿತ್ತಳೆ ಬಣ್ಣ, ಯೂನಿಯನ್ 76ರ ಕಿತ್ತಳೆ ಬಣ್ಣ ಎರಡೂ ಒಂದೇ ಬೂದು. ಆದರೆ 76 ಅಂತ ಬರೆದ ದುಂಡನೆ ಚೆಂಡು ಕಂಬದ ಮೇಲೆ ಕೂತಿದ್ದರೆ ಫೋಟೋ 1962ಕ್ಕಿಂತ ಹಳೆಯದಲ್ಲ. ಆ ಚೆಂಡು ಬಂದದ್ದೇ ಆ ವರ್ಷದ ಸಿಯಾಟಲ್ ಮೇಳಕ್ಕೆ.

ಕಟ್ಟಡವನ್ನು ನಾನು ಅಷ್ಟಾಗಿ ನಂಬುವುದಿಲ್ಲ. 1930ರ ದಶಕದ ಕೊನೆಗೆ ಟೆಕ್ಸಕೋಗೆ ವಾಲ್ಟರ್ ಡೋರ್ವಿನ್ ಟೀಗ್ ಒಂದು ವಿನ್ಯಾಸ ಮಾಡಿಕೊಟ್ಟರು. ಬಿಳಿ ಗೋಡೆ, ಸುತ್ತ ಹಸಿರು ಪಟ್ಟೆ, ಕೆಂಪು ನಕ್ಷತ್ರ. ತುಂಬಾ ಚಂದದ ಕಟ್ಟಡ, ಗಟ್ಟಿ ಕೂಡ. ಟೆಕ್ಸಕೋ ಬಿಟ್ಟುಹೋದ ಮೇಲೂ ಎಷ್ಟೋ ಕಡೆ ಕಟ್ಟಡ ಉಳಿಯಿತು. ನಕ್ಷತ್ರ ಕಿತ್ತು ಬೇರೆಯವರು ತಮ್ಮ ಬೋರ್ಡ್ ತೂಗುಹಾಕಿಕೊಂಡರು. ಹಾಗಾಗಿ ಕಟ್ಟಡ ಹೇಳುವುದು ‘ಇದಕ್ಕಿಂತ ಮೊದಲಲ್ಲ’ ಅಂತ ಮಾತ್ರ.

ಕಾರೂ ಅಷ್ಟೇ, ಹಳೇ ಗಾಡಿ ಓಡಿಸುವವರು ಎಲ್ಲ ಕಾಲದಲ್ಲೂ ಇರುತ್ತಾರೆ ಅಲ್ವಾ? ಆದರೆ ನಂಬರ್ ಪ್ಲೇಟನ್ನು ಬಿಡಬಾರದು. ಬಹಳ ರಾಜ್ಯಗಳ ಹಳೇ ಪ್ಲೇಟಿನಲ್ಲಿ ವರ್ಷವನ್ನೇ ಒತ್ತಿರುತ್ತಿದ್ದರು. ಸ್ಕ್ಯಾನ್ ದೊಡ್ಡದಿದ್ದರೆ ಅದನ್ನು ಓದಬಹುದು.

ಕಣ್ಣು ಪಳಗಿಸಿಕೊಳ್ಳಲು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನ ಸಂಗ್ರಹ ಬಳಸಿದೆ. ರಸ್ತೆಬದಿಯ ಕಟ್ಟಡಗಳನ್ನೇ ದಶಕಗಟ್ಟಲೆ ಕ್ಲಿಕ್ಕಿಸಿದ ಜಾನ್ ಮಾರ್ಗೊಲೀಸ್ ಅವರ ಚಿತ್ರಗಳು ಅಲ್ಲಿವೆ, ಊರು ವರ್ಷದ ಸಮೇತ. ಕೆಳಗಿನ ಬರಹ ಮುಚ್ಚಿಟ್ಟು ಊಹಿಸುವುದು, ಆಮೇಲೆ ತೆಗೆದು ನೋಡುವುದು.

ಎಲ್ಲಕ್ಕಿಂತ ಜಾಸ್ತಿ ಬಾಯಿಬಿಡುವುದು ಪಂಪ್. ತಲೆ ಮೇಲೆ ಎತ್ತರದ ಗಾಜಿನ ಕೊಳವೆ ಇದ್ದರೆ ಅದು 1920ರ ದಶಕದ ಆಸುಪಾಸಿನ ಮಾಲು. ಕೆಲಸದವನು ಸನ್ನೆಗೋಲು ಎಳೆದು ಪೆಟ್ರೋಲನ್ನು ಗಾಜಿಗೆ ಏರಿಸುತ್ತಿದ್ದ. ಗಿರಾಕಿ ಕಣ್ಣಾರೆ ಅಳತೆ ನೋಡಿದ ಮೇಲೆ ಅದು ತಾನೇ ಕೆಳಗಿಳಿದು ಟ್ಯಾಂಕಿಗೆ ಹೋಗುತ್ತಿತ್ತು. ದುಡ್ಡಿನ ಲೆಕ್ಕ ತಾನೇ ತೋರಿಸುವ ಪಂಪ್ ಬಂದದ್ದು 1930ರ ದಶಕದಲ್ಲಿ. ‘ಸೀಸರಹಿತ’ ಅಂತ ಬರೆದಿದ್ದರೆ ಸಾಮಾನ್ಯವಾಗಿ 1970ರ ದಶಕ ಅಥವಾ ಈಚಿನದು. 1974ರಿಂದ ದೊಡ್ಡ ಬಂಕ್‌ಗಳು ಅದನ್ನು ಇಡಲೇಬೇಕಿತ್ತು. ಅಮೋಕೋ ಮಾತ್ರ ಎಷ್ಟೋ ಮೊದಲಿನಿಂದ ಮಾರುತ್ತಿತ್ತು, ಅದಕ್ಕೇ ‘ಸಾಮಾನ್ಯವಾಗಿ’ ಅಂದೆ.

ನನಗೆ ಬಲು ಇಷ್ಟವಾದ ಸುಳಿವು ಅರ್ಧ ಗ್ಯಾಲನ್ ಬೆಲೆ. 1979ರ ಹೊತ್ತಿಗೆ ಗ್ಯಾಲನ್‌ಗೆ ಒಂದು ಡಾಲರ್ ಮುಟ್ಟುತ್ತಾ ಬಂತು. ಹಳೇ ಪಂಪ್‌ಗಳಲ್ಲಿ ದರ ತೋರಿಸುವ ಅಂಕಿ ಚಕ್ರಗಳಲ್ಲಿ 99.9 ಸೆಂಟ್ಸ್‌ಗಿಂತ ಮೇಲೆ ಜಾಗವೇ ಇಲ್ಲ! ಪಂಪನ್ನು ಅರ್ಧ ಗ್ಯಾಲನ್ ದರಕ್ಕೆ ಇಟ್ಟು, ಬಂದ ಮೊತ್ತ ದುಪ್ಪಟ್ಟು ಮಾಡಿ ದುಡ್ಡು ಇಸಿದುಕೊಳ್ಳುತ್ತಿದ್ದರು. ಪಂಪಿಗೆ ‘ಇದು ಅರ್ಧ ಗ್ಯಾಲನ್ ದರ’ ಅನ್ನುವಂಥ ಚೀಟಿ ಅಂಟಿಸಿದ್ದು ಕಂಡರೆ ಫೋಟೋದ ಹಿಂದೆ ನಾನು ಪೆನ್ಸಿಲ್‌ನಲ್ಲಿ ‘1979–80ರ ಆಸುಪಾಸು’ ಅಂತ ಬರೆದುಬಿಡುತ್ತೇನೆ.