ಮಳೆಗಾಲದಲ್ಲಿ ಆಗುಂಬೆ ಕಡೆಯ ತೋಟದ ಮನೆಗೆ ಕುಟುಂಬದೊಂದಿಗೆ ಹೊರಡುವಾಗ

ಬೆಂಗಳೂರಿನಿಂದ ಆಗುಂಬೆಗೆ ಸುಮಾರು 350 ಕಿ.ಮೀ. ದೂರವಿದ್ದು, ಆಷಾಢದ ಮಳೆಯಲ್ಲಿ ಊಟ, ತಿಂಡಿ, ಮಕ್ಕಳ ವಾಂತಿ ಎಲ್ಲ ಸೇರಿ ಇಡೀ ಹಗಲು ಹಿಡಿಯುವುದರಿಂದ, ನಸುಕಿನಲ್ಲೇ ಹೊರಟು ಕತ್ತಲಾಗುವ ಮೊದಲೇ ಮನೆ ಸೇರಬೇಕು. ಹಿಂದಿನ ದಿನವೇ ಟೈರು, ವೈಪರ್‌ಗಳನ್ನು ನೋಡಿಸಿಡಿ. ತೀರ್ಥಹಳ್ಳಿಯಲ್ಲಿ ಪೆಟ್ರೋಲ್, ಹಾಲು, ಔಷಧಿ ಕೊಂಡುಬಿಡುವುದು ಲೇಸು. ಮುಂದೆ ಮೊಬೈಲ್ ಸಿಗ್ನಲ್ಲನ್ನು ನಂಬುವಂತಿಲ್ಲವಾದ್ದರಿಂದ, ತೋಟದ ಮನೆಯವರು ಹೇಳುವ ದಾರಿಯ ಗುರುತುಗಳನ್ನು ಕಾಗದದಲ್ಲಿ ಬರೆದುಕೊಳ್ಳಿ. ಡಾಂಬರು ಮುಗಿದು ಮಣ್ಣಿನ ದಾರಿ ಶುರುವಾಗುವಲ್ಲಿ ಕಾರು ನಿಲ್ಲಿಸಿ ಮುಂದಿನ ದಾರಿ ನೋಡಿ. ಮೋರಿಯ ಮೇಲೆ ಕೆಂಪು ನೀರು ಹರಿಯುತ್ತಿದ್ದರೆ, ಅದು ಪಾದ ಮುಳುಗುವಷ್ಟೇ ಕಂಡರೂ ಕಾರು ಇಳಿಸದೆ, ಹಿಂದಿನ ಅಂಗಡಿಗೆ ಮರಳಿ ಮನೆಯವರ ಜೀಪು ಕರೆಸಿಕೊಳ್ಳಬೇಕು. ಇಂಬಳ, ಅಂದರೆ ನೆಲದ ಜಿಗಣೆ, ಹತ್ತಿದರೆ (ಹತ್ತಿಯೇ ಹತ್ತುತ್ತದೆ) ಕಿತ್ತೆಳೆಯದೆ, ಅದರ ಬಾಯಿಯ ಬಳಿ ಉಗುರು ತೂರಿಸಿ ಮೆಲ್ಲಗೆ ಸರಿಸಿ, ಗಾಯವನ್ನು ಸೋಪಿನಿಂದ ತೊಳೆಯಿರಿ.